ದೊಡ್ಡವ್ವನ ನೀರೆಮ್ಮಿ

ಹೋದ ವಾರ ಪೂರ್ವ ಕರಾವಳಿಯ ಒಂದು ಬಂದರಿನಲ್ಲಿ ನಮ್ಮ ಹಡಗಿಗೆ ಹಿಂಡಿ ತುಂಬುತ್ತಿದ್ದರು. ದನಕ್ಕೆ ಹಾಕುವ ಹಿಂಡಿಯೇ. ಎಣ್ಣೆ ತೆಗೆದು ಉಳಿದದ್ದು ಕೊಲ್ಲಿಯ ಯಾವುದೋ ದೇಶದ ದನಗಳ ಹೊಟ್ಟೆಗೆ ಹೊರಟಿತ್ತು. ಕ್ರೇನು ಬಾಯಿ ತೆರೆದಾಗಲೆಲ್ಲ ಹಳದಿ ಧೂಳು ಎದ್ದು ಡೆಕ್ಕಿನ ಮೇಲೆ ಕೂರುತ್ತಿತ್ತು. ಅಷ್ಟರಲ್ಲಿ ಮಳೆ ಹನಿಯಿತು. ಅವಸರದಿಂದ ಮುಚ್ಚಳಗಳನ್ನು ಎಳೆದು ಸರಕು ಉಳಿಸಿಕೊಂಡೆವು, ಆದರೆ ಡೆಕ್ಕಿನ ಮೇಲಿನ ಧೂಳು ನೆನೆದು ಎಂಥ ವಾಸನೆ ಎದ್ದಿತೆಂದರೆ… ಜೊತೆಗಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನೊಬ್ಬಳು ಮೂಗು ಅರಳಿಸಿ ನಿಂತೆ. ನನ್ನ ಪಾಲಿಗೆ ಅದು ರಾಯಚೂರಿನ ನಮ್ಮ ಓಣಿಯ ಬೆಳಗು. ನೆನೆಹಾಕಿದ ಹಿಂಡಿಯ ಬಕೀಟಿನಲ್ಲಿ ಮೊಣಕೈವರೆಗೆ ಕೈಯಿಟ್ಟು ಕಲಸುತ್ತ, ಬೆಳಗ್ಗೆ ಎದ್ದು ಯಾರನ್ನೂ ಬೈಯದಿದ್ದರೆ ಹಾಲು ಒಡೆದೀತು ಎಂಬಂತೆ ಯಾರನ್ನೋ ಬೈಯುತ್ತ ನಿಂತಿರುತ್ತಿದ್ದ ದೊಡ್ಡವ್ವ ಕಣ್ಣ ಮುಂದೆ ಬಂದಳು.

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಹಡಗು ಯಾವ ಹಾದಿಯಲ್ಲಿ ಹೋಗಬೇಕೆಂದು ನಕ್ಷೆಯ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ರಾಯಚೂರಿನವಳು ಸಮುದ್ರದಲ್ಲಿ ಏನು ಮಾಡುತ್ತೀ ಎಂದು ಕೇಳುವವರಿಗೆ ‘ಎಮ್ಮೆ ದಾಟಿಸುತ್ತೇನೆ’ ಎನ್ನುತ್ತೇನೆ. ನಗುತ್ತಾರೆ. ನಾನು ಹೇಳುವುದು ನಿಜವೆಂದು ಗೊತ್ತಿದ್ದವಳು ದೊಡ್ಡವ್ವ ಒಬ್ಬಳೇ.

ಸಂಬಂಧದಲ್ಲಿ ಅವಳು ನನಗೆ ಏನೂ ಅಲ್ಲ, ಪಕ್ಕದ ಮನೆಯವಳು. ಓಣಿಗೆಲ್ಲ ದೊಡ್ಡವ್ವ. ತವರು ದೇವದುರ್ಗದ ಕಡೆ ಕೃಷ್ಣೆಯ ದಂಡೆಯ ಒಂದು ಹಳ್ಳಿ, ಕೊಟ್ಟದ್ದು ಚಂದ್ರಬಂಡಾಕ್ಕೆ. ಗಂಡನಿಗೆ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಾಗ ಅವಳು ಹಾಕಿದ ಷರತ್ತು ಒಂದೇ, ಎಮ್ಮೆಗಳೂ ಬರಬೇಕು. ಬಂದವು. ಮನೆಯಲ್ಲಿ ಮನುಷ್ಯರಿಗೆ ಒಂದು ಕೋಣೆ, ಎಮ್ಮೆಗಳಿಗೆ ಎರಡು. ಗಂಡ ತೀರಿಕೊಂಡ ಮೇಲೂ ಆ ಲೆಕ್ಕ ಬದಲಾಗಲಿಲ್ಲ. ನಮ್ಮದು ವೈಷ್ಣವರ ಮನೆ. ಅಪ್ಪ ಮಾನ್ವಿಯ ಹೈಸ್ಕೂಲಿನಲ್ಲಿ ಮಾಸ್ತರು, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅವರು ಏಕಾದಶಿ ಮಾಡಿದರೆ ಅವಳು ಸೋಮವಾರ ಮಾಡುತ್ತಿದ್ದಳು. ಅವರ ಹಣೆಗೆ ಅಂಗಾರ ಅಕ್ಷತೆ, ಅವಳ ಹಣೆಗೆ ವಿಭೂತಿ. ದೇವರ ವಿಷಯದಲ್ಲಿ ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಿದವರಲ್ಲ, ಆದರೆ ನಮ್ಮ ಮನೆಯ ದೇವರಿಗೆ ನೈವೇದ್ಯದ ಹಾಲು ಮಾತ್ರ ಅವಳದೇ.

ಅವಳ ದಿನದ ದೊಡ್ಡ ಕೆಲಸ ಎಮ್ಮೆಗಳನ್ನು ನೀರಿಗೆ ಬಿಡುವುದು. ಕೊಟ್ಟಿಗೆಗೂ ಕೆರೆಗೂ ನಡುವೆ ಮಾನ್ವಿ ರಸ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ನಡುವೆ ನಿಂತು ಅಂಗೈ ಎತ್ತಿದಳೆಂದರೆ ಬಸ್ಸು, ಭತ್ತದ ಲಾರಿ, ಸಾಹೇಬರ ಜೀಪು, ಮದುವೆಯ ದಿಬ್ಬಣ ಎಲ್ಲ ಅವಳಿಗೆ ಒಂದೇ. ಮುಂದೆ ದೊರೆಸಾನಿ ಎಂಬ ಹೆಸರಿನ ಎಮ್ಮೆ, ಹೆಸರಿಗೆ ತಕ್ಕ ನಡಿಗೆ. ಎಷ್ಟು ಹಾರ್ನ್ ಹೊಡೆದರೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಒಮ್ಮೆ ಅಪ್ಪ ಕೂತಿದ್ದ ಬಸ್ಸನ್ನೇ ಅವಳು ನಿಲ್ಲಿಸಿದಳು. ಅಪ್ಪ ಕಿಟಕಿಯಿಂದ ತಲೆ ಹಾಕಿ, ಶಾಲೆಗೆ ಹೊತ್ತಾಯಿತು ಎಂದು ಬಿನ್ನವಿಸಿಕೊಂಡರು. ಪಾಠ ಹೇಳುವವರು ತಡವಾಗಿ ಹೋದರೆ ಮಕ್ಕಳಿಗೇ ಖುಷಿ ಎಂದು ಹೇಳಿ, ದೊಡ್ಡವ್ವ ಕೊನೆಯ ಕರು ದಾಟುವ ತನಕ ಕೈ ಇಳಿಸಲಿಲ್ಲ.

ಆಮೇಲೆ ರಸ್ತೆ ಅಗಲವಾಯಿತು. ಗಾಡಿಗಳಿಗೆ ರೆಕ್ಕೆ ಬಂದವು. ಅಂಗೈಗೆ ನಿಲ್ಲುವ ಕಾಲ ಮುಗಿಯುತ್ತ ಬಂದಿತ್ತು. ಅಪ್ಪ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಒಂದು ಅರ್ಜಿ ಬರೆದು ಕಚೇರಿಗೆ ಕೊಟ್ಟರು. ನಮ್ಮ ಪುಣ್ಯವೋ ಏನೋ, ಅರ್ಜಿಗೆ ಫಲ ಬಂತು. ಕೆರೆಯ ದಾರಿ ರಸ್ತೆಗೆ ಸೇರುವಲ್ಲಿ ಒಂದು ಬೋರ್ಡು ನೆಟ್ಟರು. ದನ ದಾಟುವ ಸ್ಥಳ, ನಿಧಾನವಾಗಿ ಚಲಿಸಿ. ಮೇಲೊಂದು ಚಿತ್ರ. ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟು ಅದನ್ನು ಮೇಲಿನಿಂದ ಕೆಳಗೆ ನೋಡಿದಳು.

“ಮಾಸ್ತರ್ರೇ, ಇದು ಆಕಳ ಅದ. ಎಮ್ಮಿ ಎಲ್ಲ್ಯದ ಇದ್ರಾಗ?” ಎಂದು ಕೇಳಿದಳು.

ಸರಕಾರದ ಲೆಕ್ಕದಲ್ಲಿ ಎಲ್ಲ ದನವೂ ಒಂದೇ ಎಂದು ಅಪ್ಪ ಸಮಾಧಾನ ಹೇಳಿದರು. ಅವಳಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಬಂದ ಬೋರ್ಡನ್ನು ಬಿಡಬಾರದೆಂದು ಅದರ ಕಂಬಕ್ಕೆ ವಿಭೂತಿ ಬಳಿದು ಕಾಯಿ ಒಡೆದಳು. ಬೋರ್ಡು ಕೆಲಸ ಮಾಡಿತು. ಲಾರಿಗಳು ಅಲ್ಲಿಗೆ ಬಂದರೆ ಮೆತ್ತಗಾಗುತ್ತಿದ್ದವು. ಎಲ್ಲರೂ ಸುಖವಾಗಿದ್ದೆವು, ಎಮ್ಮೆಗಳು ಅಲ್ಲೇ ದಾಟುತ್ತಿರುವ ತನಕ…

ಕೆರೆಯ ಒಂದು ಬದಿಯನ್ನು ಯಾರೋ ಕಟ್ಟಡದ ಮಣ್ಣು ಸುರಿದು ಮುಚ್ಚುತ್ತ ಬಂದರು. ಉಳಿದ ನೀರು ಬಿಸಿಲಿಗೆ ಕಾದು ಹಸಿರುಗಟ್ಟಿತು. ಒಂದು ದಿನ ದೊರೆಸಾನಿ ಬೋರ್ಡಿನ ಹತ್ತಿರ ಹೋದವಳು ಮೂಗು ಎತ್ತಿ ಗಾಳಿ ನೋಡಿ, ಹಿಂದಿರುಗಿ, ರಸ್ತೆಯ ಬದಿಗುಂಟ ನಡೆದು ಗಿರಣಿಯ ತಿರುವಿನಲ್ಲಿ ದಾಟಿದಳು. ಆ ಕಡೆ ಹಳೆಯ ಕಲ್ಲಿನ ಖಣಿಯಲ್ಲಿ ತಂಪಾದ ಮಳೆನೀರು ನಿಂತಿತ್ತು. ಮಂದೆಯೆಲ್ಲ ಅವಳ ಹಿಂದೆ. ಹಾದಿ ಬದಲಿಸಿದ್ದು ಯಾಕೆಂದು ಓಣಿಯವರು ಕೇಳಿದರೆ ದೊಡ್ಡವ್ವ, ಬದಲಿಸಿದವಳು ನಾನಲ್ಲ ದೊರೆಸಾನಿ, ಹೋಗಿ ಅವಳನ್ನೇ ಕೇಳಿ ಎನ್ನುತ್ತಿದ್ದಳು.

ಬೋರ್ಡು ಮಾತ್ರ ಇದ್ದಲ್ಲೇ ಇತ್ತು. ಲಾರಿಯವರು ಬೋರ್ಡಿನ ಹತ್ತಿರ ಧರ್ಮದಿಂದ ನಿಧಾನ ಮಾಡಿ, ಅಲ್ಲಿ ಕಳೆದುಕೊಂಡ ಹೊತ್ತನ್ನು ತಿರುವಿನಲ್ಲಿ ವೇಗ ಹೆಚ್ಚಿಸಿ ತುಂಬಿಕೊಳ್ಳುತ್ತಿದ್ದರು. ಆ ತಿರುವಿನಲ್ಲೇ ಗಂಗಿಗೆ ಲಾರಿ ಬಡಿಯಿತು. ಗಂಗಿ ಗಬ್ಬದ ಎಮ್ಮೆ. ಇನ್ನು ಸ್ವಲ್ಪ ದಿನದಲ್ಲಿ ಈಯುವುದಿತ್ತು.

ನಾವೆಲ್ಲ ಓಡಿ ಹೋದಾಗ ದೊಡ್ಡವ್ವ ರಸ್ತೆಯಲ್ಲೇ ಕೂತು ಉಸಿರು ನಿಂತಿದ್ದ ಗಂಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಲಾರಿಯವನು ಇಳಿದು ಕೈಮುಗಿದು ನಿಂತಿದ್ದ. ಇವತ್ತು ಇವನ ಕತೆ ಮುಗಿಯಿತು, ದೊಡ್ಡವ್ವನ ಬಾಯಿಯಿಂದ ಇವನನ್ನು ಆ ಶಿವನೂ ಉಳಿಸಲಾರ ಎಂದುಕೊಂಡೆವು.

“ಅವ್ವಾ, ಬೋರ್ಡಿನ ಹಂತ್ಯಾಕ ನಿಧಾನ ಮಾಡೀನ್ರೀ. ಇಲ್ಲಿ ಏನೂ ಬರ್ದಿಲ್ಲಲ್ರೀ,” ಎಂದ ಅವನು.

ದೊಡ್ಡವ್ವ ಬೋರ್ಡಿನ ಕಡೆ ನೋಡಿದಳು. ಗಂಗಿಯ ಕಡೆ ನೋಡಿದಳು. “ನೀ ಹೋಗಪ್ಪಾ, ನಿನ್ನ ತಪ್ಪಲ್ಲ,” ಎಂದಳು. “ಬೋರ್ಡು ಒಂದ ಕಡೆ, ಎಮ್ಮಿ ಒಂದ ಕಡೆ.”

ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವತ್ತು ನಮ್ಮ ಮನೆಯಲ್ಲೂ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆದರೆ ದುಃಖವನ್ನು ಎಳೆದಾಡುವ ಹೆಂಗಸು ಅವಳಲ್ಲ. ಮರುದಿನ ಬೆಳಗ್ಗೆಯೇ ಎಣ್ಣೆಯ ಡಬ್ಬಿಯ ತಗಡು ಹಿಡಿದು ನಮ್ಮ ಮನೆಗೆ ಬಂದಳು. ಬೋರ್ಡು ಎಮ್ಮೆಯ ಜೊತೆಗೇ ತಿರುಗಬೇಕು, ಬರೆದುಕೊಡು ಎಂದು ನನಗೆ ಹೇಳಿದಳು. ನಾನಾಗ ಹೈಸ್ಕೂಲು. ಕೆಂಪು ಬಣ್ಣದಲ್ಲಿ ‘ನಿಧಾನ, ಎಮ್ಮಿ ಅವ’ ಎಂದು ಬರೆದೆ. ‘ಎಮ್ಮೆಗಳಿವೆ’ ಎಂದು ಶುದ್ಧವಾಗಿ ಬರೆಯಬೇಕೆಂದು ಅಪ್ಪ ತಿದ್ದಲು ಬಂದರು. ಲಾರಿಯವರು ನಿಮ್ಮ ಶಾಲೆಯಲ್ಲಿ ಕಲಿತಿಲ್ಲ ಎಂದು ಅವಳು ಅವರನ್ನು ದೂರ ಸರಿಸಿದಳು. ತಗಡಿಗೆ ತೂತು ಹಾಕಿ ದೊರೆಸಾನಿಯ ಕೊರಳಿಗೆ ಕಟ್ಟಿದ್ದಾಯಿತು. ದೊರೆಸಾನಿ ಪೇಟೆಯ ಮೆರವಣಿಗೆಗೆ ಹೊರಟವಳಂತೆ ಹೊರಟಳು. ಲಾರಿಯವರು ನಕ್ಕರು, ನಕ್ಕರೂ ನಿಲ್ಲಿಸಿದರು. ಆದರೆ ಎಮ್ಮೆಗೆ ನೀರು ಕಂಡ ಮೇಲೆ ಸರಕಾರವಿಲ್ಲ, ಬೋರ್ಡಿಲ್ಲ. ಕೊರಳಮಟ್ಟ ಮುಳುಗಿ ಎದ್ದು ಬಂದಾಗ ಕೊರಳಲ್ಲಿ ಬರೀ ಹಗ್ಗವಿತ್ತು. ನನ್ನ ಕೆಂಪು ಅಕ್ಷರ ಈಗಲೂ ಆ ಖಣಿಯ ಕೆಸರಿನಲ್ಲಿ ಎಲ್ಲೋ ಇರಬೇಕು…

ಆಗ ಹುಟ್ಟಿದ್ದು ಕೂಗು. ಎಮ್ಮೆಗಳನ್ನು ಬಿಟ್ಟು ರಸ್ತೆಗೆ ಬರುತ್ತಿದ್ದಂತೆ ದೊಡ್ಡವ್ವ “ದಾಟಾಕತ್ತಾವ್ರೀ…” ಎಂದು ಎಳೆದು ಕೂಗುತ್ತಿದ್ದಳು. ಅದನ್ನು ಕೇಳಿ ಪಂಕ್ಚರ್ ಅಂಗಡಿಯವನು ಕೂಗುತ್ತಿದ್ದ. ಅವನದನ್ನು ಕೇಳಿ ಚಹಾದ ಹೋಟೆಲಿನವನು. ಅವನದನ್ನು ಕೇಳಿ ಗಿರಣಿಯ ಗೇಟಿನ ಕಾವಲುಗಾರ ತಿರುವಿಗೆ ಬಂದು ಕೆಂಪು ಟವೆಲು ಬೀಸುತ್ತಿದ್ದ. ದೊರೆಸಾನಿ ಅವತ್ತು ಎಡಕ್ಕೆ ಹೊರಟರೆ ಕೂಗೂ ಎಡಕ್ಕೆ, ಬಲಕ್ಕೆ ಹೊರಟರೆ ಬಲಕ್ಕೆ. ಮಳೆಗಾಲದಲ್ಲಿ ಅವು ಮತ್ತೆ ಹಳೆಯ ಕೆರೆಗೆ ಹೋದವು, ಕೂಗೂ ಹೋಯಿತು. ಆಮೇಲೆ ಒಂದು ಎಮ್ಮೆಗೂ ಲಾರಿ ತಗಲಲಿಲ್ಲ. ಆಂಧ್ರದ ಕಡೆಯ ಲಾರಿಯವರು ಕೂಡ ಆ ತಿರುವಿಗೆ ಬಂದರೆ ತಾವೇ ತಲೆ ಹೊರಗೆ ಹಾಕಿ, ಇವತ್ತು ಎತ್ತ ಕಡೆ ಎಂದು ಕೇಳುವಷ್ಟು ರೂಢಿಯಾಯಿತು.

ನಾನು ಹಡಗಿನ ಕೆಲಸಕ್ಕೆ ಸೇರಿದ್ದು ಓಣಿಗೆ ಬಹಳ ದಿನ ಅರ್ಥವಾಗಲಿಲ್ಲ. ಕೃಷ್ಣೆಯಲ್ಲಿ ಹರಿಗೋಲು ಹಾಕುವ ಕೆಲಸವೇ ಎಂದು ಕೇಳಿದವರುಂಟು. ಮೊದಲ ರಜೆಗೆ ಬಂದಾಗ ದೊಡ್ಡವ್ವನ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ತಿಮಿಂಗಿಲದ ಚಿತ್ರ ತೋರಿಸಿದೆ. ಅವಳು ಮುಖ ತಿರುಗಿಸಿದಳು. ಸೋಮವಾರದ ದಿನ ಮೀನು ತೋರಿಸುತ್ತೀಯಾ ಎಂದು ಗದರಿದಳು. ಅದು ಮೀನಲ್ಲ, ಮರಿ ಹಾಕುತ್ತದೆ, ಮರಿಗೆ ಹಾಲು ಕುಡಿಸುತ್ತದೆ ಎಂದೆ.

ಹಿಂಡಿ ಕಲಸುತ್ತಿದ್ದ ಕೈ ನಿಂತಿತು. “ಹಾಲು ಕುಡಸ್ತದ?”

ಆಮೇಲೆ ನನಗೆ ಬಿಡುವೇ ಕೊಡಲಿಲ್ಲ. ಮೈಬಣ್ಣ ಯಾವುದು, ಉಸಿರು ಹೇಗೆ, ಏನು ಮೇಯುತ್ತದೆ, ಒಂದು ಸಲಕ್ಕೆ ಎಷ್ಟು ಕರು. ಬೂದು ಬಣ್ಣ ಎಂದರೆ, ಮೈ ತೊಳೆದ ಎಮ್ಮೆಯೂ ಹಾಗೇ ಕಾಣುತ್ತದೆ ಎಂದಳು. ಉಸಿರಿಗೆ ಮೇಲೆ ಬರುತ್ತದೆ ಎಂದರೆ ತಲೆಯಾಡಿಸಿದಳು. ದಿನಕ್ಕೆ ನೂರಾರು ಲೀಟರ್ ಹಾಲು ಕೊಡಬಹುದು ಎಂದಾಗ ಮಾತ್ರ ನಂಬಲಿಲ್ಲ, ಸಮುದ್ರದಲ್ಲಿದ್ದುಕೊಂಡು ನೀರು ಬೆರೆಸುತ್ತಿರಬೇಕು ಎಂದಳು. ಕೊನೆಗೆ ಕೈ ತೊಳೆದುಕೊಂಡು ತೀರ್ಪು ಕೊಟ್ಟಳು.

“ದೊಡ್ಡದದ, ನೀರಾಗ ಬಿದ್ದಿರ್ತದ, ಮೂಗಷ್ಟ ಮ್ಯಾಲಿಟ್ಟು ಉಸ್ರಾಡ್ತದ, ಕರಕ್ಕ ಹಾಲು ಕುಡಸ್ತದ. ನೀವು ಏನರ ಅನ್ರಿ, ಇದು ಹೈನದ ದನ. ನೀರೆಮ್ಮಿ.”

ಹೈನವೆಂದರೆ ನಮ್ಮ ಕಡೆ ಹಾಲು ಕೊಡುವ ದನಕರು. ಮನೆಯ ಹೈನವನ್ನು ಮನೆಯವರಂತೆ ನೋಡಿಕೊಳ್ಳಬೇಕೆಂಬುದು ಅವಳ ಧರ್ಮದ ಅರ್ಧ ಭಾಗ. ಅವತ್ತಿನಿಂದ ತಿಮಿಂಗಿಲ ಅವಳ ಮಂದೆಗೆ ಸೇರಿತು.

ಅವುಗಳ ಕಷ್ಟವನ್ನೂ ಹೇಳಿದೆ. ಹಿಂದೆ ಜನ ಈಟಿ ಹೊಡೆದು ಕೊಂದು ಕೊಂದು ಅವುಗಳ ಸಂಖ್ಯೆ ಇಳಿಸಿಬಿಟ್ಟಿದ್ದರು. ಈಗ ಈಟಿ ನಿಂತಿದೆ, ಆದರೆ ಹಡಗು ಬಡಿದು ಸಾಯುತ್ತವೆ. ಶ್ರೀಲಂಕೆಯ ದಕ್ಷಿಣದಲ್ಲಿ ನೀಲಿ ತಿಮಿಂಗಿಲಗಳು ಮೇಯುವ ಜಾಗ, ಹಡಗುಗಳ ಹೆದ್ದಾರಿ ಎರಡೂ ಒಂದರ ಮೇಲೊಂದು ಬಿದ್ದಿವೆ. ನೀರು ಬಿಸಿಯಾದಂತೆ ಅವು ತಿನ್ನುವ ಪುಟ್ಟ ಸಿಗಡಿಗಳು ಜಾಗ ಬದಲಿಸುತ್ತವೆ, ಸಿಗಡಿಯ ಹಿಂದೆ ತಿಮಿಂಗಿಲ. ನಮ್ಮ ಹಡಗಿನ ನಕ್ಷೆಯಲ್ಲಿ ‘ಇಲ್ಲಿ ತಿಮಿಂಗಿಲಗಳಿವೆ, ಎಚ್ಚರ’ ಎಂದು ಗುರುತು ಮಾಡಿದ ಜಾಗವಿದೆ. ಅಲ್ಲಿ ನಿಧಾನ ಮಾಡುತ್ತೇವೆ. ದಾಟಿದ ಮೇಲೆ ವೇಗ.

ದೊಡ್ಡವ್ವ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಅಲ್ಲಿಯೂ ಬೋರ್ಡು ಒಂದು ಕಡೆ, ಎಮ್ಮೆ ಒಂದು ಕಡೆಯೇ ಎಂದಳು. ಮತ್ತೆ ಗಂಗಿಯ ನೆನಪಾಯಿತೇನೋ, ನಗು ನಿಂತಿತು.

“ಕಂಡಾಕಿ ನೀನು. ನಿನಗ ಬಾಯಿಲ್ಲೇನು? ಕೂಗಬೇಕವ್ವಾ,” ಎಂದಳು.

ಸಮುದ್ರವೆಂದರೆ ಮಾನ್ವಿ ರಸ್ತೆಯಲ್ಲ, ಕೂಗಿದರೆ ಪಂಕ್ಚರ್ ಅಂಗಡಿಯವನು ಇರುವುದಿಲ್ಲ ಎಂದು ನಾನು ನಕ್ಕು ಎದ್ದುಬಂದೆ. ಆದರೆ ಅವಳು ಬಿಡಬೇಕಲ್ಲ. ನಾನು ಯಾವ ಬಂದರಿನಿಂದ ಫೋನ್ ಮಾಡಿದರೂ ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡು ಮೊದಲು ನೀರೆಮ್ಮಿಗಳ ಕ್ಷೇಮ ಕೇಳುವಳು, ಆಮೇಲೆ ನನ್ನದು. ನನ್ನ ಮದುವೆಯ ಮಾತು ಎತ್ತದ ಒಬ್ಬಳೇ ಹೆಂಗಸು ಓಣಿಯಲ್ಲಿ ಅವಳು. ಅದಕ್ಕಾಗಿಯಾದರೂ ನಾನು ತಿಮಿಂಗಿಲಗಳ ಸುದ್ದಿ ಹುಡುಕಿ ಇಟ್ಟುಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಆ ದಿನ ಬಂತು. ನಾನಾಗಲೇ ಸೆಕೆಂಡ್ ಆಫೀಸರ್. ಮಧ್ಯಾಹ್ನದ ಪಾಳಿ ನನ್ನದು. ಶ್ರೀಲಂಕೆಯ ದಕ್ಷಿಣದಲ್ಲಿ, ನಕ್ಷೆಯಲ್ಲಿ ಗುರುತು ಮಾಡಿದ ಜಾಗ ದಾಟಿ ಬಹಳ ದೂರ ಬಂದಿದ್ದೆವು. ಮುಂದಿನ ಬಂದರಿಗೆ ತಡವಾಗಿತ್ತು, ಕ್ಯಾಪ್ಟನ್ ಪೂರ್ತಿ ವೇಗ ಹಾಕಿಸಿ ಊಟ ಮಾಡಿ ಕೆಳಗೆ ಮಲಗಿದ್ದರು. ಸಮುದ್ರ ಎಣ್ಣೆಯಂತೆ ಸ್ತಬ್ಧವಾಗಿತ್ತು. ದೂರದಲ್ಲಿ ಒಂದು ಉಸಿರು ನೀರಿನಿಂದ ಎದ್ದು ಕಂಬದಂತೆ ನಿಂತು ಕರಗಿತು. ಅದರ ಮಗ್ಗುಲಲ್ಲೇ ಇನ್ನೊಂದು, ಪುಟ್ಟದು. ತಾಯಿ, ಮರಿ. ನಮ್ಮ ಹಾದಿಗೆ ಸರಿಯಾಗಿ ಅಡ್ಡ. ಮರಿ ತಾಯಿಯ ಹಾಗೆ ಬಹಳ ಹೊತ್ತು ಮುಳುಗಿರಲಾರದು, ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ನಮ್ಮ ಹಿಂದೆ ನಮಗಿಂತ ಎರಡು ಪಟ್ಟು ದೊಡ್ಡದಾದ ಒಂದು ಕಂಟೇನರ್ ಹಡಗು ಧಾವಿಸಿ ಬರುತ್ತಿತ್ತು.

ಕ್ಯಾಪ್ಟನ್ ಗೋದಾವರಿ ಕಡೆಯ ತೆಲುಗಿನವರು. ನಾನು ರಾಯಚೂರಿನವಳಾದ್ದರಿಂದ ನಮ್ಮಿಬ್ಬರ ಮಾತು ತೆಲುಗಿನಲ್ಲೇ. ಅವಸರದಲ್ಲಿ ಕೆಳಗೆ ಫೋನ್ ಮಾಡಿದವಳು, ದೊಡ್ಡವ್ವನ ಜೊತೆ ಮಾತಾಡಿ ಮಾತಾಡಿ ನಾಲಿಗೆಗೆ ಏನು ರೂಢಿಯಾಗಿತ್ತೋ ಅದನ್ನೇ ಹೇಳಿಬಿಟ್ಟೆ. “ಸಾರ್, ಮುಂದು ಗೇದೆ, ದೂಡ ಕೂಡ ಉಂದಿ.” ತೆಲುಗಿನಲ್ಲಿ ಗೇದೆ ಎಂದರೆ ಎಮ್ಮೆ, ದೂಡ ಎಂದರೆ ಕರು. ಹಿಂದೂ ಮಹಾಸಾಗರದ ನಟ್ಟನಡುವೆ ಎಮ್ಮೆ ಕರುವಿನ ಸಮೇತ ಅಡ್ಡ ಬಂದಿದೆ ಎಂದು ನಾನು ಹಡಗಿನ ಕ್ಯಾಪ್ಟನ್ನರಿಗೆ ವರದಿ ಕೊಟ್ಟಿದ್ದೆ.

ಮರುಗಳಿಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ತಿಮಿಂಗಿಲ ಎಂದಿದ್ದರೆ ಗುರುತಿನ ಜಾಗ ದಾಟಿತಲ್ಲ, ನಡೆಸು ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು, ಹಿಂದೆ ಹಾಗೆ ಹೇಳಿದ್ದರು. ಎಮ್ಮೆ ಎಂದದ್ದಕ್ಕೆ, ಈ ಹುಡುಗಿಗೆ ಬಿಸಿಲು ನೆತ್ತಿಗೇರಿದೆ ಎಂದು ಗಾಬರಿಯಾಗಿ ಬನಿಯನ್ನಿನಲ್ಲೇ ಓಡಿಬಂದರು. ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ನಾನು ಮುಂದಕ್ಕೆ ಕೈ ತೋರಿಸಿದೆ.

ಮರಿ ಆಗಷ್ಟೇ ಮೇಲೆ ಬಂದು ಉಸಿರು ಬಿಟ್ಟು ತಾಯಿಯ ಬೆನ್ನಿಗೆ ಮೈ ಉಜ್ಜುತ್ತಿತ್ತು. ಕ್ಯಾಪ್ಟನ್ ಸ್ವಲ್ಪ ಹೊತ್ತು ನೋಡಿದರು. ಬಾಲ್ಯದಲ್ಲಿ ತಾವೂ ಗೋದಾವರಿಯಲ್ಲಿ ಎಮ್ಮೆಯ ಬೆನ್ನ ಮೇಲೆ ಕೂತು ಈಜಿದವರು. “ನಿಜಮೇ, ಗೇದೆಲಾಗೇ ಉಂದಿ,” ಎಂದರು, ನಿಜ, ಎಮ್ಮೆಯಂತೆಯೇ ಇದೆ. ವೇಗ ಇಳಿಸಲು ಹೇಳಿ, ಹಡಗನ್ನು ದೊಡ್ಡ ಬಳಸು ಹಾಕಿ ತಿರುಗಿಸಲು ಹೇಳಿದರು. ಹಡಗೆಂದರೆ ಲಾರಿಯಲ್ಲ, ಬ್ರೇಕ್ ತುಳಿದರೆ ನಿಲ್ಲುವುದಿಲ್ಲ. ಹಡಗಿನ ಮೂಗು ತಿರುಗುವುದನ್ನೇ ನೋಡುತ್ತ ನಿಂತೆ. ತಿರುಗಿತು. ನಾವು ತಪ್ಪಿಸಿಕೊಂಡೆವು. ಆದರೆ ಹಿಂದಿನ ಹಡಗಿಗೆ ಏನು ಗೊತ್ತು?

ಕಂಡಾಕಿ ನೀನು. ನಿನಗ ಬಾಯಿಲ್ಲೇನು?

ರೇಡಿಯೋ ಎತ್ತಿಕೊಂಡೆ. ಸುತ್ತಲಿನ ಎಲ್ಲ ಹಡಗುಗಳಿಗೆ ಕೇಳುವ ಚಾನೆಲಿನಲ್ಲಿ, ಇಂಥ ಜಾಗದಲ್ಲಿ ತಿಮಿಂಗಿಲ ಮರಿಯೊಂದಿಗೆ ಮೇಲಿದೆ, ನಿಧಾನ ಮಾಡಿ ಸುತ್ತಿ ಹೋಗಿ ಎಂದೆ. ಉತ್ತರವಿಲ್ಲ. ಮತ್ತೆ ಹೇಳಿದೆ. ಕಂಟೇನರ್ ಹಡಗಿನಿಂದ ಬೇಸರದ ದನಿ ಬಂತು, ಅದು ನಕ್ಷೆಯ ಗುರುತಿನ ಜಾಗವಲ್ಲವಲ್ಲ ಎಂದಿತು. ಹೌದು, ಗುರುತು ಅಲ್ಲಿದೆ, ತಿಮಿಂಗಿಲ ಇಲ್ಲಿದೆ ಎಂದೆ. ನನ್ನ ದನಿ ಸ್ವಲ್ಪ ದೊಡ್ಡವ್ವನದಾಗಿತ್ತು ಎಂದು ಕಾಣುತ್ತದೆ. ಆಮೇಲೆ ಆ ದೊಡ್ಡ ಹಡಗಿನ ಮೂಗು ಮೆಲ್ಲಗೆ ಬದಿಗೆ ಸರಿಯತೊಡಗಿತು. ಸರಿದದ್ದಷ್ಟೇ ಅಲ್ಲ, ಅದೇ ದನಿ ತನ್ನ ಹಿಂದಿನವರಿಗೆ ನನ್ನ ಮಾತನ್ನು ದಾಟಿಸಿತು. ಅವರಾರೋ ಇನ್ನೂ ಹಿಂದಿನವರಿಗೆ. ದನಿಗಳು ದೂರವಾಗುತ್ತ, ಸಣ್ಣಗಾಗುತ್ತ… ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಮುಂದಿನ ಬಂದರಿನಿಂದ ದೊಡ್ಡವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಶಹಬ್ಬಾಸ್ ಎನ್ನುತ್ತಾಳೆಂದು ಕಾದೆ. ಅವಳು ಕೇಳಿದ್ದು ಒಂದೇ ಮಾತು, ಕರು ಹೆಣ್ಣೋ ಗಂಡೋ. ನೀರಿನೊಳಗಿನ ಎಮ್ಮೆಯ ವ್ಯಾಪಾರ, ಹೇಗೆ ಹೇಳಲಿ ಎಂದೆ.

“ಹೆಣ್ಣಂತನ ತಿಳಿಯವ್ವಾ. ಹಿಂಡು ಬೆಳೀಬೇಕಲ್ಲ.”

ಅವತ್ತು ಓಣಿಗೆಲ್ಲ ಸಕ್ಕರೆ ಹಂಚಿದಳಂತೆ. ಯಾವ ಎಮ್ಮೆ ಈದಿತು ಎಂದು ಕೇಳಿದವರಿಗೆ, ನಮ್ಮದೇ, ಸಮುದ್ರದಲ್ಲಿದೆ ಎಂದಳಂತೆ. ದೊಡ್ಡವ್ವನಿಗೆ ಅರಳುಮರುಳು ಎಂದು ಓಣಿ ಮಾತಾಡಿಕೊಂಡಿತು. ಅಪ್ಪ ಒಬ್ಬೊಬ್ಬರನ್ನೇ ನಿಲ್ಲಿಸಿ ಸಮುದ್ರ, ಸಸ್ತನಿ, ಹವಾಮಾನ ಎಂದು ಪಾಠ ಮಾಡಿದರು. ಪಾಠ ಕೇಳಿದ ಮೇಲೆ, ದೊಡ್ಡವ್ವ ಹೇಳಿದ್ದೇ ಸಲೀಸಾಗಿತ್ತು ಎಂದು ಪಂಕ್ಚರ್ ಅಂಗಡಿಯವನು ಹೇಳಿದನಂತೆ.

ಹೋದ ವರ್ಷ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಹಿಂದಿನ ದಿನದ ಸಂಜೆಯೂ ಹಾಲು ಕರೆದಿದ್ದಳು. ನಾನು ಸಮುದ್ರದ ನಡುವೆ ಇದ್ದೆ, ಮಣ್ಣಿಗೂ ಸಿಗಲಿಲ್ಲ. ರಜೆಗೆ ಹೋದಾಗ ಕೊಟ್ಟಿಗೆ ಬರಿದಾಗಿತ್ತು. ಎಮ್ಮೆಗಳನ್ನು ಗುಂಜಹಳ್ಳಿಯ ಅವಳ ತಂಗಿಯ ಮಕ್ಕಳು ಹೊಡೆದುಕೊಂಡು ಹೋಗಿದ್ದರು. ಮಾನ್ವಿ ರಸ್ತೆಯಲ್ಲಿ ಗಾಡಿಗಳು ಯಾರ ಅಪ್ಪಣೆಯನ್ನೂ ಕೇಳದೆ ಓಡುತ್ತಿದ್ದವು. ಎಮ್ಮೆ ದಾಟುವ ಹೊತ್ತಾದರೆ ಕೂಗಬೇಕೆಂದು ತನ್ನ ಬಾಯಿ ತಾನೇ ತೆರೆಯುತ್ತದೆ ಎಂದು ಪಂಕ್ಚರ್ ಅಂಗಡಿಯವನು ಹೇಳಿದ.

ಈ ಸಲ ಹಿಂಡಿಯ ಸರಕು ಹೊತ್ತು ಹೊರಟ ನಮ್ಮ ಹಡಗು ಮೊನ್ನೆ ಅದೇ ನೀರಿಗೆ ಬಂತು. ಪಾಳಿ ನನ್ನದೇ. ನಾನು ದುರ್ಬೀನು ಹಿಡಿದು ನಿಂತಿದ್ದೆ, ಏನೂ ಕಂಡಿರಲಿಲ್ಲ. ಅಷ್ಟರಲ್ಲಿ ರೇಡಿಯೋ ಮಾತಾಡಿತು. ಯಾವುದೋ ದೂರದ ದೇಶದ ನಾಲಿಗೆಯ ಇಂಗ್ಲಿಷು, ನಾನು ಹಿಂದೆಂದೂ ಕೇಳದ ದನಿ. ಎಲ್ಲ ಹಡಗುಗಳ ಗಮನಕ್ಕೆ, ತಿಮಿಂಗಿಲಗಳಿವೆ, ಜೊತೆಗೊಂದು ಮರಿ ಇದೆ, ನಿಧಾನ ಮಾಡಿ. ಹೇಳಿದ ಜಾಗ ಯಾವ ನಕ್ಷೆಯಲ್ಲೂ ಗುರುತಾಗಿರಲಿಲ್ಲ. ನಾನು ಕೂಗಿರಲಿಲ್ಲ, ಕೂಗು ತಾನಾಗಿ ನನ್ನ ತನಕ ಬಂದಿತ್ತು. ರೇಡಿಯೋ ಎತ್ತಿಕೊಂಡು ಅದನ್ನು ಹಿಂದಿನವರಿಗೆ ದಾಟಿಸಿದೆ. ಹಡಗು ನಿಧಾನವಾಯಿತು.

ಪಾಳಿ ಮುಗಿಸಿ ಕೆಳಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ, ಈಗ ಹಡಗಿನಲ್ಲೂ ಇಂಟರ್‌ನೆಟ್ಟಿದೆ. ನಡೆದದ್ದನ್ನು ಹೇಳಿದೆ. ಅಪ್ಪ ಒಂದು ನಿಮಿಷ ಇರು ಎಂದರು. ಬಾಗಿಲ ಚಿಲಕ ತೆಗೆದ ಸದ್ದು ಕೇಳಿತು. ಜೀವಮಾನದಲ್ಲಿ ತರಗತಿಯಲ್ಲಿ ಕೂಡ ದನಿ ಎತ್ತಿ ಮಾತಾಡದ ಅಪ್ಪ ಅಂಗಳದಲ್ಲಿ ನಿಂತು ಒಡಕು ದನಿಯಲ್ಲಿ ಕೂಗಿದರು.

“ನೀರೆಮ್ಮಿ ದಾಟಿದಾವಂತ್ರೀ…”

ತುಸು ತಡೆದು, ಪಂಕ್ಚರ್ ಅಂಗಡಿಯ ಕಡೆಯಿಂದ ಅದೇ ಮಾತು ಕೇಳಿತು. ಇನ್ನೂ ಆಚೆ, ಹೋಟೆಲಿನ ಕಡೆಯಿಂದ ಇನ್ನೊಮ್ಮೆ, ಬಹಳ ಸಣ್ಣಗೆ. ನಾನು ಫೋನ್ ಕಿವಿಗೆ ಹಿಡಿದುಕೊಂಡೇ ಇದ್ದೆ. ಮೊದಲನೆಯ ಕೂಗು ಅವಳದಾಗಿರಬೇಕಿತ್ತು.